ಸೆಂಟರ್ ಫೀಲ್ಡಿನಲ್ಲಿ ಖಾಲಿ ಕಾರ್ಡು

ಹೊಸಿಯಾ ಪೆಟ್‌ವೇಗೆ ಕಾರ್ಡು ಇರಲಿಲ್ಲ. ಅವನ ತಂಡದ ಉಳಿದ ಎಂಟು ಸ್ಥಾನಗಳಿಗೂ ಇತ್ತು. ಆ ಎಂಟರಲ್ಲಿ ಒಬ್ಬ ಎರಡು ಹೆಜ್ಜೆ ಓಡಿದರೆ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದನಂತೆ. ಅವನಿಗೂ ಇತ್ತು.

ಹೊಸಿಯಾ ನನ್ನ ಅಜ್ಜಿ ಓಜೆಲ್ಲಾಳ ಅಣ್ಣ. 1947ರಲ್ಲಿ ಕೋಲ್‌ಟನ್ ಬ್ಲ್ಯಾಕ್ ಆನ್ವಿಲ್ಸ್ ಬೇಸ್‌ಬಾಲ್ ತಂಡಕ್ಕೆ ಸೆಂಟರ್ ಫೀಲ್ಡಿನಲ್ಲಿ, ಅಂದರೆ ಮೈದಾನದ ಹಿಂಬದಿಯ ನಡುವೆ, ಆಡುತ್ತಿದ್ದ. ಕರಿಯರ ತಂಡ, ಕರಿಯರ ಲೀಗು. ವಾರವೆಲ್ಲ ಕೊಳವೆ ಎರಕದ ಕಾರ್ಖಾನೆಯಲ್ಲಿ ದುಡಿದು ಶನಿವಾರ ಭಾನುವಾರ ಬಸ್ಸು ಹತ್ತುತ್ತಿದ್ದರು. ಅವನು 1971ರಲ್ಲಿ ಶ್ವಾಸಕೋಶ ಕೆಟ್ಟು ಸತ್ತ. ನಾನು ಅವನನ್ನು ನೋಡಿಲ್ಲ.

ಸೋಮವಾರ ಡಬ್ ಸೈಕ್ಸ್‌ನ ಕ್ಷೌರದಂಗಡಿಗೆ ರಜೆ. ಮಧ್ಯಾಹ್ನ ಮೂರಕ್ಕೆ ಅಲ್ಲಿ ನಮ್ಮ ದಾಳ-ಕಾರ್ಡಿನ ಬೇಸ್‌ಬಾಲ್ ಲೀಗು ಕೂರುತ್ತದೆ. ಆರು ಜನ, ಆರು ಹಳೆಯ ತಂಡ. ಪ್ರತಿ ಆಟಗಾರನಿಗೂ ಒಂದು ಕಾರ್ಡು. ಕಾರ್ಡಿನ ಮೇಲೆ ಮೂವತ್ತಾರು ಸಾಲು. ಎರಡು ದಾಳ ಉರುಳಿಸಿ, ಬಿದ್ದ ಎರಡು ಅಂಕೆಗಳನ್ನು ಅಕ್ಕಪಕ್ಕ ಇಟ್ಟು, ಆ ಸಾಲು ಓದಬೇಕು. ಚೆಂಡು ಹೊಡೆದು ದಕ್ಕಿಸಿಕೊಂಡ ಹಿಟ್ಟೋ, ಔಟೋ, ಅಲ್ಲಿ ಬರೆದಿರುತ್ತದೆ. ಆ ಮನುಷ್ಯ ನಿಜವಾಗಿ ಹೇಗೆ ಆಡಿದ್ದನೋ ಅದೇ ಪ್ರಮಾಣದಲ್ಲಿ ಹಿಟ್ಟಿನ ಸಾಲುಗಳು. ಹೆಸರಾಂತ ತಂಡಗಳಿಗೆ ಅಚ್ಚಾದ ಕಾರ್ಡು ಅಂಗಡಿಯಲ್ಲೇ ಸಿಗುತ್ತದೆ. ನಮ್ಮವು ಸಣ್ಣ ತಂಡಗಳು. ಹಳೆಯ ಪತ್ರಿಕೆ ಹುಡುಕಿ, ಲೆಕ್ಕ ಹಾಕಿ, ಕಾರ್ಡು ನಾವೇ ಮಾಡಬೇಕು. ನಾನು ಲೀಗಿಗೆ ಹೊಸಬಳು. ಎರಡು ವರ್ಷ ಗ್ರಂಥಾಲಯದಲ್ಲಿ ಕಣ್ಣು ಹಾಳುಮಾಡಿಕೊಂಡು ಆನ್ವಿಲ್ಸ್ ತಂಡ ಕಟ್ಟಿದ್ದೆ.

ಲೀಗಿನ ಯಜಮಾನ ಥರ್ಮನ್ ರಕರ್. ಮೂವತ್ತೆಂಟು ವರ್ಷ ಅಂಚೆ ಹಂಚಿ ನಿವೃತ್ತನಾದವನು. ನಿಯಮದ ಪುಸ್ತಕ ಅವನೇ ಬರೆದದ್ದು. ಐವತ್ತು ಸಲ ಬ್ಯಾಟಿಗೆ ನಿಂತ ಅಚ್ಚಿನ ದಾಖಲೆ ಇದ್ದರೆ ಕಾರ್ಡು, ಇಲ್ಲದಿದ್ದರೆ ಇಲ್ಲ. ಬರ್ಮಿಂಗ್‌ಹ್ಯಾಮಿನ ನಮ್ಮ ಕರಿಯರ ವಾರಪತ್ರಿಕೆಯಲ್ಲಿ ಆನ್ವಿಲ್ಸ್ ಆಡಿದ ಹದಿನೈದು ಆಟಗಳ ಪೂರ್ತಿ ವಿವರ ಸಿಕ್ಕಿತ್ತು. ಅದರಲ್ಲಿ ಮೂರಕ್ಕೆ ಹೊಸಿಯಾ ಇರಲಿಲ್ಲ, ಬೆರಳು ಮುರಿದಿತ್ತು. ಉಳಿದ ಹನ್ನೆರಡರಲ್ಲಿ ನಲವತ್ತೇಳು ಸಲ ಬ್ಯಾಟು. ಹತ್ತೊಂಬತ್ತು ಹಿಟ್ಟು.

"ನಲವತ್ತೇಳು," ಅಂದ ರಕರ್, ಕನ್ನಡಕ ಹಣೆಗೇರಿಸಿ. "ಇನ್ನು ಮೂರು ಬೇಕಲ್ಲಮ್ಮ."

"ಮೂರು ತಾನೇ? ಬಿಡ್ರೀ."

"ಇವತ್ತು ಮೂರು ಬಿಟ್ರೆ ನಾಳೆ ಡಬ್ ಬಂದು ಮೂವತ್ತು ಬಿಡು ಅಂತಾನೆ."

"ನಾನ್ ಯಾಕೆ ಮೂವತ್ತು ಅನ್ಲಿ?" ಅಂದ ಡಬ್, ಕ್ಷೌರದ ಕುರ್ಚಿಯಲ್ಲೇ ಮಲಗಿದ್ದವನು. "ನಾನು ಕೇಳಿದ್ರೆ ಮುನ್ನೂರೇ ಕೇಳೋದು."

ಸೆಂಟರ್ ಫೀಲ್ಡಿಗೆ ಹೆಸರಿಲ್ಲದ ಕಾರ್ಡು ಹಾಕಿಕೋ ಎಂದ ರಕರ್. ಆಟಗಾರ ಸಿಗದ ಸ್ಥಾನಕ್ಕೆಂದೇ ಅಂಥ ಕಾರ್ಡುಗಳ ಒಂದು ಕಟ್ಟು ಅವನ ಡಬ್ಬಿಯಲ್ಲಿತ್ತು. ಮೇಲ್ಗಡೆ 'ಯಾರೋ ಒಬ್ಬ' ಎಂದು ಬರೆದಿತ್ತು. ನಾನು ಮುಟ್ಟಲಿಲ್ಲ.

ಮನೆಗೆ ಹೋಗಿ ಅಜ್ಜಿಗೆ ಹೇಳಿದೆ. ಅವಳಿಗೆ ತೊಂಬತ್ತೊಂದು. ಟೀವಿಯ ಸದ್ದು ತಗ್ಗಿಸಿದಳು.

"ಪೇಪರಲ್ಲಿ ಹದಿನೈದು ಆಟ ಅಂದ್ಯಾ? ಅದ್ರಲ್ಲಿ ನಾವು ಸೋತಿದ್ದೆಷ್ಟು?"

ನನ್ನ ಪಟ್ಟಿ ತೆಗೆದು ನೋಡಿದೆ. ಎರಡು ವರ್ಷ ಅದೇ ಹಾಳೆಗಳನ್ನು ಎದುರಿಗಿಟ್ಟುಕೊಂಡು ಕೂತಿದ್ದೆ. ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

"ಒಂದೂ ಇಲ್ಲ."

ಅಜ್ಜಿ ನಕ್ಕಳು. ಹಲ್ಲಿನ ಸೆಟ್ಟು ಹಾಕಿರಲಿಲ್ಲ, ಬಾಯಿ ಬೊಚ್ಚಾಗಿ ಕಾಣಿಸಿತು. "ಪೇಪರಿಗೆ ಯಾರು ಬರೆದು ಕಳಿಸ್ತಿದ್ರು ಅಂದ್ಕೊಂಡೆ? ನಮ್ಮ ಮ್ಯಾನೇಜರೇ. ಗೆದ್ದ ರಾತ್ರಿ ಕೂತು ಬರೀತಿದ್ದ. ಒದೆ ತಿಂದು ಬಂದಿದ್ದನ್ನ ಮೂರು ಸೆಂಟಿನ ಸ್ಟಾಂಪು ಹಚ್ಚಿ ಊರಿಗೆಲ್ಲ ಸಾರೋಕೆ ಅವನಿಗೇನು ಹುಚ್ಚಾ? ಎದುರು ತಂಡದೋರೂ ಅಷ್ಟೇ. ಅವ್ರು ಗೆದ್ರೆ ಅವ್ರೂರಿನ ಪೇಪರು. ಅವು ಯಾವ್ದೂ ಉಳ್ದಿಲ್ಲ."

ಆಮೇಲೆ ಮಂಚದ ಕೆಳಗಿನ ಸೂಟ್‌ಕೇಸು ಎಳೆಯಲು ಹೇಳಿದಳು. ಅದರೊಳಗೆ ಹಸಿರು ರಟ್ಟಿನ ದಪ್ಪ ಪುಸ್ತಕ. 1947ರಲ್ಲಿ ಅವಳಿಗೆ ಹತ್ತೊಂಬತ್ತು, ತಂಡದ ಸ್ಕೋರು ಬರೆಯುತ್ತಿದ್ದವಳು ಅವಳೇ. ಅಣ್ಣನ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಮೊದಲ ಆಟದಿಂದ ಕೊನೆಯದರವರೆಗೆ ಅರವತ್ತನಾಲ್ಕು ಆಟ. ಗೆಲುವು ಮೂವತ್ತೊಂದು, ಸೋಲು ಮೂವತ್ತಮೂರು. ಪೆನ್ಸಿಲ್ ಗೆರೆ ಮಾಸಿದ್ದರೂ ಓದಬಹುದಿತ್ತು.

"ಇದಿದೆ ಅಂತ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಪೇಪರು ಹುಡುಕ್ತಾ ಇದೀನಿ ಅಂದೆ. ಪುಸ್ತಕ ಇದ್ಯಾ ಅಂತ ಕೇಳಿದ್ಯಾ?"

ಊಟದ ಮೇಜಿನ ಮೇಲೆ ಲೆಕ್ಕ ಹಾಕಿದೆ. ಹೊಸಿಯಾ ಇನ್ನೂರ ನಲವತ್ತೊಂದು ಸಲ ಬ್ಯಾಟಿಗೆ ನಿಂತಿದ್ದ. ಹಿಟ್ಟು ಅರವತ್ತಾರು. ಪತ್ರಿಕೆಯ ಹೊಸಿಯಾ ಹತ್ತರಲ್ಲಿ ನಾಲ್ಕು ಸಲ ಹೊಡೆಯುವ ರಾಕ್ಷಸ. ಪುಸ್ತಕದ ಹೊಸಿಯಾ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಒಳ್ಳೆಯ ಆಟಗಾರ, ಅಷ್ಟೇ.

ಮುಂದಿನ ಸೋಮವಾರ ಪುಸ್ತಕವನ್ನೂ ಅಜ್ಜಿಯನ್ನೂ ಗಾಲಿಕುರ್ಚಿಯನ್ನೂ ಕಾರಿಗೆ ತುಂಬಿಕೊಂಡು ಅಂಗಡಿಗೆ ಹೋದೆ. ಋತುವಿನ ಮೊದಲ ಆಟ ಅಂದೇ ಇತ್ತು, ರಕರ್‌ನ ಸೆಲ್ಮಾ ತಂಡದ ಮೇಲೆ. ಗಂಡಸರೆಲ್ಲ ಎದ್ದು ಟೋಪಿ ತೆಗೆದರು. ರಕರ್ ಪುಸ್ತಕದ ಹಾಳೆಗಳನ್ನು ನಿಧಾನ ತಿರುವಿದ. ಬೆರಳಿಗೆ ಎಂಜಲು ಹಚ್ಚಲು ಹೋದವನು ಅಜ್ಜಿಯ ಮುಖ ನೋಡಿ ಕೈ ಇಳಿಸಿದ.

"ಮಿಸ್ ಓಜೆಲ್ಲಾ, ಇದು ಚೆನ್ನಾಗಿದೆ. ಆದ್ರೆ ಇದು ತಂಗಿ ಬರೆದ ಪುಸ್ತಕ."

"ಹೌದು. ಬೇರೆಯೋರ ತಂಗಿ ಬರೆದ್ಲಾ? ನಾನೇ ಬರೆದಿದ್ದು."

"ಹಾಗಲ್ಲ ತಾಯಿ. ಹೊರಗಿನೋರು ಏನಂತಾರೆ ನಿಮ್ಗೂ ಗೊತ್ತು. ಈ ಕರಿಯರ ಲೆಕ್ಕ ಎಲ್ಲ ಕಟ್ಟುಕಥೆ, ಅಜ್ಜಿ ಹೇಳಿದ್ದು ಅಜ್ಜ ಹೇಳಿದ್ದು ಅಂತಾರೆ. ಇಪ್ಪತ್ತು ವರ್ಷದಿಂದ ನಾನು ಒಂದೇ ಮಾತು ಹೇಳ್ತಾ ಬಂದಿದೀನಿ. ಅಚ್ಚಾಗಿದ್ರೆ ಮಾತ್ರ ತಗೋತೀವಿ. ಬೇಕಾದ್ರೆ ಬಂದು ಪರೀಕ್ಷೆ ಮಾಡ್ಕೊಳ್ಳಿ ಅಂತ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನನಗೆ ಸಿಟ್ಟು ಬಂದದ್ದೂ ಅದಕ್ಕೇ.

"ಯಾರು ಅಚ್ಚು ಹಾಕ್ತಿದ್ರು?" ಅಂದೆ. "ಕೋಲ್‌ಟನ್‌ನಲ್ಲಿ ಬಿಳಿಯರ ದಿನಪತ್ರಿಕೆ ಇತ್ತು. ಪಾರಿವಾಳದ ಸ್ಪರ್ಧೆಯ ಫಲಿತಾಂಶ ಹಾಕ್ತಿದ್ರು. ಪಾರಿವಾಳದ್ದು! ನಮ್ಮೋರ ಒಂದು ಆಟ ಹಾಕ್ಲಿಲ್ಲ. ಅವ್ರು ಹಾಕದೆ ಇದ್ದಿದ್ದಕ್ಕೆ ನೀವು ಇಲ್ಲಿ ಕೂತು ಮೊಹರು ಒತ್ತುತ್ತಾ ಇದೀರಾ?"

"ದನಿ ತಗ್ಗಿಸು, ರೆನೀಟಾ."

"ತಗ್ಗಿಸಲ್ಲ."

ಡಬ್ ಕುರ್ಚಿಯಿಂದ ಎದ್ದು ಕೂತ. ರಕರ್ ಪುಸ್ತಕದ ಒಂದು ಹಾಳೆಯ ಮೇಲೆ ಬೆರಳಿಟ್ಟ. ಗ್ಯಾಡ್ಸ್‌ಡನ್ ಮೇಲಿನ ಆಟ, ಜುಲೈ ಹದಿಮೂರು. ವಾರಪತ್ರಿಕೆಯಲ್ಲಿ ಆ ಆಟದ ವಿವರ ಇರಲಿಲ್ಲ, ಆದರೆ 'ಕೋಲ್‌ಟನ್ ಆರು, ಗ್ಯಾಡ್ಸ್‌ಡನ್ ಎರಡು' ಎಂದು ಒಂದು ಸಾಲು ಅಚ್ಚಾಗಿತ್ತು. ಪುಸ್ತಕದಲ್ಲೂ ಆರು, ಎರಡು.

"ಇದನ್ನ ತಗೋಬಹುದು," ಅಂದ. "ಅಂಕೆ ತಾಳೆ ಆಗತ್ತೆ. ಇದ್ರಲ್ಲಿ ಹೊಸಿಯಾ ನಾಲ್ಕು ಸಲ ಬ್ಯಾಟು, ಎರಡು ಹಿಟ್ಟು. ಒಟ್ಟು ಐವತ್ತೊಂದಾಯ್ತು. ಕಾರ್ಡು ಕೊಡ್ತೀನಿ. ಮೂವತ್ತಾರರಲ್ಲಿ ಹದಿನೈದು ಸಾಲು ಹಿಟ್ಟು. ಈ ಲೀಗಲ್ಲೇ ಅಂಥ ಕಾರ್ಡಿಲ್ಲ ಕಣಮ್ಮ. ತಗೊಂಡು ಆಡು."

ಹದಿನೈದು ಸಾಲು. ಆ ಕಾರ್ಡಿದ್ದರೆ ನಾನು ಲೀಗು ಗೆಲ್ಲಬಹುದಿತ್ತು. ನನ್ನ ಕೈ ಮೇಜಿನ ಮೇಲೆ ಚಾಚಿತ್ತು, ಸುಳ್ಳೇಕೆ.

"ಪೂರ್ತಿ ಪುಸ್ತಕ ತಗೊಂಡ್ರೆ ಎಷ್ಟು ಸಾಲು?" ಅಂದಳು ಅಜ್ಜಿ.

"ಹತ್ತು," ಅಂದೆ.

"ಹತ್ತೇ ಬರಿ."

"ಮಿಸ್ ಓಜೆಲ್ಲಾ, ನಾನು ನಿಮ್ಮಣ್ಣನಿಗೆ ಹದಿನೈದು ಕೊಡ್ತಿದೀನಿ."

"ಕೊಡೋಕೆ ಅದೇನು ನಿನ್ನ ಮನೆ ಗಂಟಾ, ಥರ್ಮನ್? ಅವನು ನೂರ ಎಪ್ಪತ್ತೈದು ಸಲ ಹೊಡೆಯಕ್ಕಾಗದೆ ವಾಪಸ್ ಬಂದ. ಒಂದೊಂದೂ ನಾನು ಬರೆದಿದೀನಿ. ಜ್ವರ ಇಟ್ಕೊಂಡು ಆಡಿದ ದಿನ ಇದೆ, ರಾತ್ರಿಯೆಲ್ಲ ಬಸ್ಸಲ್ಲಿ ಕೂತೇ ಬಂದು ಆಡಿದ ದಿನ ಇದೆ. ಔಟಾಗಿದ್ದೂ ಅವನೇ. ಗೆದ್ದಿದ್ದಷ್ಟೇ ಇಟ್ಕೊಂಡು ಮಾಡಿದ ಆ ಮನುಷ್ಯ ಯಾರೋ, ನಂಗೆ ಗೊತ್ತಿಲ್ಲ. ಇಡೀ ಪುಸ್ತಕ ತಗೋ. ಇಲ್ದಿದ್ರೆ ಗ್ಯಾಡ್ಸ್‌ಡನ್ನೂ ಬೇಡ."

"ನಿಯಮ ಬಿಡಕ್ಕಾಗಲ್ಲ."

"ಬಿಡಬೇಡ."

ಅವಳು ನನ್ನ ಕಡೆ ತಿರುಗಲಿಲ್ಲ. ತಿರುಗುವ ಅಗತ್ಯವಿರಲಿಲ್ಲ. ನಾನು ಬ್ಯಾಗಿನಿಂದ ಒಂದು ಬಿಳಿ ಕಾರ್ಡು ತೆಗೆದು, ಮೇಲೆ ಹೊಸಿಯಾ ಪೆಟ್‌ವೇ ಎಂದು ಬರೆದು, ಮೂವತ್ತಾರು ಸಾಲುಗಳನ್ನೂ ಖಾಲಿ ಬಿಟ್ಟು, ಸೆಂಟರ್ ಫೀಲ್ಡಿನ ಜಾಗದಲ್ಲಿಟ್ಟೆ.

"ಇದೇನಿದು?"

"ಹನ್ನೊಂದನೇ ನಿಯಮ. ನೀವೇ ಬರೆದಿದ್ದು."

ಹನ್ನೊಂದನೆಯ ನಿಯಮ ಕಾರ್ಡು ಮನೆಯಲ್ಲಿ ಮರೆತು ಬರುವವರಿಗಾಗಿ ಇತ್ತು. ಕಾರ್ಡಿಲ್ಲದವನ ಸರದಿ ಬಂದರೆ ಔಟು. ಅವನ ಕಡೆ ಚೆಂಡು ಹೋದರೆ ಎದುರಾಳಿಗೆ ಪುಕ್ಕಟೆ ಎರಡು ಬೇಸು, ಅಂದರೆ ರನ್ನಿನ ಅರ್ಧ ದಾರಿ. ಹಾಗೆ ಇಡೀ ಆಟ ಆಡಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಅಂಥ ದಡ್ಡರು ಸಿಗುತ್ತಾರೆಂದು ಅವನು ಎಣಿಸಿರಲಿಲ್ಲ.

"ನೀನು ಎಂಟು ಜನ ಇಟ್ಕೊಂಡು ಆಡ್ತೀಯಾ?" ಅಂದ ಡಬ್. "ನಿನ್ನ ಹುರಿದು ಮುಕ್ತಾರಲ್ಲೇ."

"ಮುಕ್ಲಿ."

ಮುಕ್ಕಿದರು. ಹದಿಮೂರು–ಎರಡು. ಪ್ರತಿ ಸಲ ಸರದಿ ಬಂದಾಗ ನಾನು "ಹೊಸಿಯಾ ಪೆಟ್‌ವೇ" ಎಂದು ಗಟ್ಟಿಯಾಗಿ ಕೂಗಿದೆ, ದಾಳ ಮುಟ್ಟಲಿಲ್ಲ, "ಔಟ್" ಎಂದೆ. ಅಜ್ಜಿ ಹಸಿರು ಪುಸ್ತಕದ ಕೊನೆಯ ಖಾಲಿ ಹಾಳೆಗಳಲ್ಲಿ ಎಲ್ಲವನ್ನೂ ಬರೆದುಕೊಂಡಳು. ಮರುದಿನ ಬೆಳಿಗ್ಗೆ ಆ ಸೋಲಿನ ಸ್ಕೋರನ್ನು ಒಂದು ಹಾಳೆಗೆ ಇಳಿಸಿ, ಲಕೋಟೆಗೆ ಹಾಕಿ, ಸ್ಟಾಂಪು ಹಚ್ಚಿ ರಕರ್‌ನ ಮನೆಗೆ ಕಳಿಸಿದಳು. ಆಟದಲ್ಲಿ ಅವನೇ ಕೂತಿದ್ದ, ಸ್ಕೋರು ಅವನಿಗೆ ಗೊತ್ತಿತ್ತು. ಅಜ್ಜಿಗೆ ಅದೂ ಗೊತ್ತಿತ್ತು.

ಹಾಗೆ ವಾರ ವಾರ ಆಡಿದೆವು, ಸೋತಾಗಲೆಲ್ಲ ಅಜ್ಜಿಯ ಲಕೋಟೆ ಹೋಯಿತು. ಮೊದಮೊದಲು ಖಾಲಿ ಕಾರ್ಡಿನ ಸರದಿ ಬಂದರೆ ಗಂಡಸರು ನಗುತ್ತಿದ್ದರು. ನಾಲ್ಕನೆಯ ವಾರ ಯಾರೂ ನಗಲಿಲ್ಲ. ಎಂಟನೆಯ ವಾರ ರಕರ್ ಬಾಗಿಲಲ್ಲೇ ತಡೆದ.

"ಲಕೋಟೆ ಕಳ್ಸೋದು ನಿಲ್ಸೋಕೆ ಹೇಳಮ್ಮ. ನನ್ನ ಹೆಂಡತಿ ಕೇಳ್ತಾಳೆ, ಯಾರದು ಕಾಗದ ಬರೆಯೋಳು ಅಂತ."

"ಮೂವತ್ತೆಂಟು ವರ್ಷ ಹಂಚಿದೀರಲ್ಲ. ಒಂದಿಷ್ಟು ತಗೊಳ್ಳಿ."

ಒಂಬತ್ತನೆಯ ವಾರ ಡಬ್ ಆಟಕ್ಕೆ ತಡವಾಗಿ ಬಂದ. ಅವನದು ಮೋಬೀಲ್ ಗಲ್ಸ್ ತಂಡ, ನಮ್ಮಲ್ಲಿ ಎರಡು ಸಲ ಲೀಗು ಗೆದ್ದದ್ದು. ಗ್ರಂಥಾಲಯದಿಂದ ನೇರ ಬಂದಿದ್ದ.

"ನನ್ನ ತಂಡದ್ದು ಪೇಪರಲ್ಲಿ ಇಪ್ಪತ್ತನಾಲ್ಕು ಆಟ ಇದೆ," ಅಂದ. "ಅದ್ರಲ್ಲಿ ಇಪ್ಪತ್ತೊಂದು ಗೆಲುವು. ಆ ವರ್ಷ ನಿಜವಾದ ಲೀಗಲ್ಲಿ ಮೋಬೀಲ್ ಎಷ್ಟನೇ ಸ್ಥಾನ ಗೊತ್ತಾ? ಕೊನೇದು. ಕಟ್ಟಕಡೇದು! ಅಪ್ಪಾ ಥರ್ಮನ್, ಇಪ್ಪತ್ತೊಂದು ಗೆದ್ದೋರು ಕೊನೇಲಿ ಹೇಗೆ ಬರ್ತಾರೋ, ಸ್ವಲ್ಪ ಬಿಡಿಸಿ ಹೇಳು."

ಡಬ್ ತನ್ನ ಅತ್ಯುತ್ತಮ ಆಟಗಾರನ ಕಾರ್ಡನ್ನು ಎತ್ತಿ, ಒಮ್ಮೆ ನೋಡಿ, ಮೇಜಿನ ಮೇಲೆ ಬೋರಲು ಮಲಗಿಸಿದ.

"ಇವನು ಸೋತಿದ್ದು ಸಿಗೋವರೆಗೂ ಇವನು ಹೀಗೇ ಇರ್ಲಿ. ಹನ್ನೊಂದನೇ ನಿಯಮ."

ಅಂದು ಡಬ್ ಸೋತ. ಮುಂದಿನ ವಾರ ಇನ್ನೊಬ್ಬ ಒಂದು ಕಾರ್ಡು ಮಗುಚಿದ. ಕೊನೆಯ ಸೋಮವಾರದ ಹೊತ್ತಿಗೆ ನನ್ನ ಖಾಲಿ ಕಾರ್ಡಲ್ಲದೆ ಇನ್ನು ನಾಲ್ಕು ತಂಡಗಳಲ್ಲಿ ಒಬ್ಬರೋ ಇಬ್ಬರೋ ಬೋರಲು ಮಲಗಿದ್ದರು. ರಕರ್‌ನ ತಂಡದಲ್ಲಿ ಎಲ್ಲರೂ ಮುಖ ಮೇಲೆ ಮಾಡಿಕೊಂಡೇ ಇದ್ದರು. ಅವನೇ ಲೀಗು ಗೆದ್ದ. ಗೆದ್ದ ಟ್ರೋಫಿ ತೆಗೆದುಕೊಂಡು ಹೋಗಲು ಅವನ ಕೈಯಲ್ಲಿ ಜಾಗವಿರಲಿಲ್ಲ. ಒಂದು ಶೂ ಡಬ್ಬಿ ಹಿಡಿದು ಬಂದಿದ್ದ. ಅದನ್ನು ಅಜ್ಜಿಯ ತೊಡೆಯ ಮೇಲಿಟ್ಟ. ಅವಳ ಲಕೋಟೆಗಳು. ಎಲ್ಲ ಒಡೆದಿದ್ದವು, ತಾರೀಖಿನ ಪ್ರಕಾರ ಜೋಡಿಸಿದ್ದವು.

"ಎಣಿಸ್ಕೊಳ್ಳಿ," ಅಂದ. "ಒಂದೂ ಕಳೆದಿಲ್ಲ."

"ನಿಯಮ?"

"ನಿಯಮ ಇದೆ ತಾಯಿ."

"ಹಾಗಾದ್ರೆ ಮುಂದಿನ ವರ್ಷವೂ ಕಳಿಸ್ತೀನಿ," ಅಂದಳು ಅಜ್ಜಿ. ನಂತರ ಹಸಿರು ಪುಸ್ತಕ ತೆರೆದು, ಪೆನ್ಸಿಲ್ ತುದಿ ನಾಲಿಗೆಗೆ ಮುಟ್ಟಿಸಿ, ಋತುವಿನ ಒಟ್ಟು ಬರೆದಳು. ನಾನು ಭುಜದ ಮೇಲಿಂದ ಓದಿದೆ.

ಆಡಿದ್ದು ಇಪ್ಪತ್ತು. ಹೊಸಿಯಾ ಪೆಟ್‌ವೇ, ಎಂಬತ್ತೆರಡು ಸಲ ಬ್ಯಾಟು, ಎಂಬತ್ತೆರಡು ಔಟು. ಸೋತದ್ದು ಹದಿನೇಳು.