ಇಲಿಯ ಪಾಲು

ನನ್ನ ಮಗಳಿಗೆ ವಿಷ ಹಾಕಿದವನು ಎಂದು ಊರೆಲ್ಲ ಉಗಿಯುತ್ತಿದ್ದ ಅಳಿಯನಿಗೆ ನಾನು ಕಾಫಿ ಕೊಟ್ಟೆ. ಶನಿವಾರ ಮಧ್ಯಾಹ್ನ, ಮಗ ಯತೀಶ್ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಕೊಂಡು, ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದು ಕೊಟ್ಟೆ. ಮದ್ದೂರಿನ ನಮ್ಮ ಬೀದಿಯವರು ಕಿಟಕಿಯಲ್ಲೇ ನಿಂತು ನೋಡಿದರು. ನೋಡಿಕೊಳ್ಳಲಿ, ಆಡಿಕೊಳ್ಳಲಿ. ನನಗೇನಾಗಬೇಕು ಅವರಿಂದ?

ಅವನು ವಿಷ ಹಾಕಿಲ್ಲ. ಅದು ನನಗೆ ಗೊತ್ತು.

ಭತ್ತ ಹೊಡೆಯಾಗಿ ತೆನೆ ಬರುವ ಹೊತ್ತಿಗೆ ಗದ್ದೆಗೆ ಇಲಿ ಬೀಳುತ್ತದೆ. ಇಲಿ ಬಲು ಅನುಮಾನದ ಪ್ರಾಣಿ, ಹೊಸ ತಿಂಡಿ ಕಂಡರೆ ಮುಟ್ಟುವುದಿಲ್ಲ. ಅದಕ್ಕೇ ಮೊದಲ ಎರಡು ದಿನ ಬರೀ ತಿಂಡಿ ಇಡುತ್ತಾರೆ. ಹುರಿದ ನುಚ್ಚು, ಬೆಲ್ಲ, ಕೊಬ್ಬರಿ, ಒಂದಿಷ್ಟು ಎಣ್ಣೆ. ರುಚಿ ಹತ್ತಿ ಇಲಿ ನಂಬಿದ ಮೇಲೆ, ಮೂರನೇ ದಿನ ಅದೇ ಬೋಗುಣಿಯಲ್ಲಿ ಅದೇ ತಿಂಡಿಗೆ ಪಾಷಾಣ ಕಲಸುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಿದ್ದೆವು. ರೂಪ ಚಿಕ್ಕವಳಿದ್ದಾಗ ಮೊದಲೆರಡು ದಿನ ಬೋಗುಣಿಗೆ ಕೈ ಹಾಕಿ ಬಾಯಿ ತುಂಬಿಕೊಂಡು, “ಅದು ಇಲಿ ಪಾಲು, ಇದು ನನ್ ಪಾಲು” ಎನ್ನುತ್ತಿದ್ದಳು. ಎಷ್ಟು ಬೈದರೂ ಕೇಳದ ಹುಡುಗಿ. ಕೊತ್ತತ್ತಿಗೆ ಮದುವೆಯಾಗಿ ಹೋದ ಮೇಲೂ ಆ ಚಾಳಿ ಬಿಡಲಿಲ್ಲ. ಗಂಡ ರಘುನಂದನ ನಗುತ್ತಾ ತಾನೇ ಒಂದು ಹಿಡಿ ತೆಗೆದು ಅವಳ ಕೈಗೆ ಹಾಕಿ, ಮಿಕ್ಕಿದ್ದನ್ನು ಗದ್ದೆಗೆ ಒಯ್ಯುತ್ತಿದ್ದ.

ಹೋದ ವರ್ಷ ಮೊದಲನೇ ದಿನವೂ ಹಾಗೇ ಕೊಟ್ಟ. ಅವಳು ತಿಂದು, ಮಗಳು ಗಗನಳನ್ನು ದಸರಾ ರಜೆಗೆ ನನ್ನ ಹತ್ತಿರ ಬಿಡಲು ಮದ್ದೂರಿಗೆ ಬಂದಳು. ಮಾರನೇ ದಿನ ಇಲ್ಲಿ ಜೋರು ಮಳೆ. ಅಂಗಡಿಗೆ ಹೋಗಿ ನೆನೆದು ಬಂದು ಮೂಗು ಕಟ್ಟಿಕೊಂಡಳು.

“ಈ ಮಳೇಲಿ ಅವ್ರು ಇವತ್ತು ಇಲಿಗೆ ಇಟ್ಟಿರಾಕಿಲ್ಲ ಕಣವ್ವ. ನಾಳೆ ಇಡ್ತಾರೆ. ನನ್ ಪಾಲು ಉಳೀತು” ಎಂದು ನಕ್ಕಳು. ಬೆಳಿಗ್ಗೆ ಎದ್ದು ಬಸ್ಸು ಹತ್ತಿದಳು.

ಕೊತ್ತತ್ತಿಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ರಘು ಎರಡನೇ ದಿನದ್ದನ್ನೂ ಇಟ್ಟು ಮುಗಿಸಿದ್ದ. ಆ ಬೆಳಿಗ್ಗೆ ಪಾಷಾಣ ಕಲಸಿ ಬೋಗುಣಿಯನ್ನು ಕೊಟ್ಟಿಗೆಯ ಗೂಡಿನಲ್ಲಿಟ್ಟಿದ್ದ. ಅಷ್ಟರಲ್ಲಿ ನಾಲೆ ನೀರು ನುಗ್ಗಿ ಬದು ಒಡೆಯುತ್ತಿದೆ ಎಂದು ಯಾರೋ ಕೂಗಿದರು. ಗುದ್ದಲಿ ಹಿಡಿದು ಓಡಿದ. ಬಸ್ಸಿಳಿದು ಬಂದವಳಿಗೆ ಕಂಡದ್ದು ಅದೇ ಬೋಗುಣಿ, ಎರಡನೇ ದಿನದ್ದೆಂದುಕೊಂಡು ಕೈ ಹಾಕಿದಳು. ಕಟ್ಟಿದ ಮೂಗಿಗೆ ಪಾಷಾಣದ ಘಾಟು ವಾಸನೆ ಎಲ್ಲಿ ಹತ್ತಬೇಕು?

ಅವನು ವಾಪಸು ಬಂದಾಗ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದಳು. ವಾಂತಿ ಮಾಡಿಸಬೇಕೆಂದು ಹುಣಸೆ ನೀರು ಕಿವುಚಿ, ಅವಳ ಮೂಗು ಹಿಡಿದು ಬಾಯಿಗೆ ಸುರಿದ. ಚೀರಾಟ ಕೇಳಿ ಓಡಿ ಬಂದವರು ನೋಡಿದ್ದು ಅದೊಂದನ್ನೇ. ಮಂಡ್ಯದ ಆಸ್ಪತ್ರೆಯಲ್ಲಿ ನನ್ನ ಮಗಳು ಒಂದು ಮಾತೂ ಆಡದೆ ಹೋದಳು.

ಪೊಲೀಸ್ ಸ್ಟೇಷನ್ನಿನಲ್ಲಿ ಯತೀಶ್ ಮೇಜು ಗುದ್ದಿದ. “ಎರಡು ದಿನ ಒಳ್ಳೇದು ತಿನ್ನಿಸಿ ನಂಬ್ಸವ್ನೆ ಸಾರ್, ಮೂರ್ನೇ ದಿನ ಪಾಷಾಣ ಇಕ್ಕವ್ನೆ. ಇಲಿಗೆ ಮಾಡ್ದಂಗೇ ನಮ್ಮಕ್ಕಂಗೂ ಮಾಡವ್ನೆ!”

ಎರಡನೇ ದಿನ ಅವಳು ನನ್ನ ಹತ್ತಿರವೇ ಇದ್ದಳು ಎಂದೆ. ಮಳೆಯ ವಿಷಯ ಹೇಳಿದೆ. ಮೂಗು ಕಟ್ಟಿದ್ದು ಹೇಳಿದೆ. “ಅವ್ವಂಗೆ ದುಕ್ಕದಲ್ಲಿ ತಲೆ ನಿಂತಿಲ್ಲ ಬುಡಿ ಸಾರ್” ಎಂದ ನನ್ನ ಮಗ. ಸಾಹೇಬರು ಪೆನ್ನು ಮುಚ್ಚಿದರು. ಹೆತ್ತವಳು ನಾನು, ಕಳೆದುಕೊಂಡವಳು ನಾನು, ನನ್ನ ಮಾತಿಗೇ ಬೆಲೆ ಇಲ್ಲ! ಯತೀಶನ ಮಾತು ಮಾತ್ರ ಪೇಪರಿನಲ್ಲಿ ಬಂತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕೊನೆಗೆ ನನ್ನ ಹತ್ತಿರವೇ ಉಳಿದ ಗಗನಳ ಸ್ಕೂಲಿನಲ್ಲೂ ಅದೇ ಮಾತು.

ಜಾಮೀನಿನ ಮೇಲೆ ಹೊರಗೆ ಬಂದ ರಘುವನ್ನು ನಾನು ಗುರುತು ಹಿಡಿಯಲಿಲ್ಲ. ಕೆನ್ನೆಯೆಲ್ಲ ಒಳಗೆ ಹೋಗಿತ್ತು. ಆ ಮೊದಲ ಶನಿವಾರ ಬೇಕರಿಯ ಪೇಪರಿನಲ್ಲಿ ದಿಲ್‌ಪಸಂದ್ ತಂದಿದ್ದ, ಅದೆಂದರೆ ಗಗನಳಿಗೆ ಪ್ರಾಣ. ಗಗನ ಗೋಡೆಗೊರಗಿ ನಿಂತು, ಅವನ ಮುಖ ನೋಡದೆ ತಿಂದಳು. ಮುಂದಿನ ಶನಿವಾರ ಪಕ್ಕದಲ್ಲೇ ಕೂತು ತಿಂದಳು. ತಿಂದ ಕೈಯನ್ನು ಮೊದಲಿನಂತೆ ಅವನ ಅಂಗಿಗೇ ಒರೆಸಿದಳು. ಅವನು ಆ ಕಲೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡು ಅತ್ತ.

“ಕೇಸು ಏನಾರ ಆಗ್ಲಿ ಕಣತ್ತೆ. ಜೈಲಿಗೆ ಬೇಕಾದ್ರೂ ಓಯ್ತೀನಿ. ಇವ್ಳೊಬ್ಳು ನನ್ನ ನಂಬುದ್ರೆ ಸಾಕು.”

“ನಂಬ್ತಾಳೆ ಬುಡಪ್ಪ” ಎಂದೆ. ನನಗೂ ಆವತ್ತು ಹೊಟ್ಟೆ ತಣ್ಣಗಾಗಿತ್ತು. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಅದರ ಮುಂದಿನ ಶನಿವಾರ ಅವನು ಅದೇ ಬೇಕರಿಯಿಂದ ಅದನ್ನೇ ತಂದ. ಪೊಟ್ಟಣ ಬಿಚ್ಚಿ ಕೈ ಚಾಚಿದ. “ತಕೊ ಮಗ.”

ಗಗನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ಬ್ಯಾಡ.”

“ಯಾಕವ್ವ? ಉಷಾರಿಲ್ವಾ?”

ಅವಳು ನನ್ನನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸ್ಕೂಲಿನಲ್ಲಿ ಮಗ್ಗಿ ಒಪ್ಪಿಸುವಂತೆ ಹೇಳಿದಳು.

“ಇದು ಮೂರ್ನೇ ಸಲ ಅಲ್ವಾ ಅಪ್ಪ.”

ರಘು ಒಂದು ಚೂರು ಮುರಿದು ತಾನೇ ಬಾಯಿಗೆ ಹಾಕಿಕೊಂಡ. ಅಗಿದ, ಅಗಿದ, ನುಂಗಲು ಆಗಲಿಲ್ಲ. ನಾನೂ ಒಂದು ಚೂರು ಕಿತ್ತುಕೊಂಡು ಅವಳಿಗೆ ಕಾಣುವಂತೆ ತಿಂದೆ. ಮಗು ಬಾಗಿಲ ಬಳಿಯೇ ನಿಂತು ನಮ್ಮಿಬ್ಬರ ಬಾಯಿಯನ್ನೂ ನೋಡುತ್ತಿತ್ತು. ಹತ್ತಿರ ಬರಲಿಲ್ಲ.

ಮಿಕ್ಕಿದ್ದನ್ನು ಪೇಪರಿನಲ್ಲಿ ಸುತ್ತಿಕೊಂಡು ಅವನು ಹಿತ್ತಿಲ ಬಾಗಿಲಿನಿಂದ ಹೊರಟುಹೋದ. ಆಮೇಲಿನ ಶನಿವಾರ ನಾನು ಕಾಫಿ ಕಾಯಿಸಿಟ್ಟು ಕಾದೆ. ಅವನು ಬರಲಿಲ್ಲ. ಗಗನಳೂ ಕೇಳಲಿಲ್ಲ.