ಕಣ್ಣು ಮೂಡಿದ ಮೊಟ್ಟೆಗಳು

ನಡುರಾತ್ರಿ ಕಿಟಕಿಯ ಗಾಜು ಸಣ್ಣಗೆ ಅದುರಿತು. ದೂರದ ಕಡಲ ಮೇಲೆ ಗುಡುಗು. ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದ ಮುದುಕ ತೊರಾಜಿ ಕಣ್ಣು ಬಿಟ್ಟ.

"ಕೇಳಿಸ್ತಾ? ಚಳಿಗಾಲದ ಗುಡುಗು ಅಂದ್ರೆ ಹತಾಹತಾ ಮೀನು ದಡಕ್ಕೆ ಬರ್ತಾ ಇದೆ ಅಂತ."

"ಜನವರಿ ಮುಗೀತಾ ಬಂತು. ಬಂದಿದ್ದು ನಾಲ್ಕು, ಅವೂ ಮೊಟ್ಟೆ ಇಟ್ಟು ಹೋದವು. ಮಲಗಿ," ಎಂದಳು ಹೆಂಡತಿ ಇಸೆ.

"ಹಾಗಾದ್ರೆ ಬುರಿಕೊ ಇರುತ್ತಲ್ಲ! ಒಂದೇ ಒಂದು ಸಲ ಬಾಯಿಗೆ ಹಾಕ್ಕೋಬೇಕು ಕಣೇ."

ಬುರಿಕೊ ಎಂದರೆ ಆ ಮೀನಿನ ಮೊಟ್ಟೆಯ ಉಂಡೆ. ನಮ್ಮ ಅಕಿತಾ ದಡದಲ್ಲಿ ಅದನ್ನು ಹೆಕ್ಕುವಂತಿಲ್ಲ. ಇಸೆಗೂ ಗೊತ್ತು. ಆದರೆ ಮೂರು ದಿನದಿಂದ ಏನೂ ಬೇಡವೆನ್ನುತ್ತಿದ್ದವನು ಬಾಯಿಬಿಟ್ಟು ಕೇಳಿದ್ದ. ಬೆಳಕು ಹರಿಯುವಾಗ ಅವಳು ಬಕೆಟ್ ಹಿಡಿದು ಕಡಲ ಬಳಿ ಇದ್ದಳು.

ಮೀನುಗಾರರ ಸಂಘದ ಫುಸಾಯೆ ಅಲ್ಲೇ ಎದುರಾದಳು.

"ಇಸೆ ಅಕ್ಕಾ, ಬಕೆಟ್ಟಲ್ಲೇನು?"

"ಪಾಚಿ."

"ಗುಂಡಗಿರೋ ಪಾಚಿ ನಾನು ನೋಡೇ ಇಲ್ಲಪ್ಪ!"

ಇಸೆ ಸಿಡುಕಿದಳು. "ಹೌದು, ಬುರಿಕೊನೇ. ನೀರಿಗಿಳಿದು ಕಿತ್ತಿಲ್ಲ, ಅಲೆ ಎಸೆದದ್ದು. ಮರಳಿಗೆ ಬಿದ್ದದ್ದು ಸತ್ತ ಹಾಗೇ. ಕಾಗೆ ತಿಂದ್ರೆ ತಪ್ಪಿಲ್ಲ, ನಮ್ಮ ಮುದುಕ ತಿಂದ್ರೆ ತಪ್ಪಾ?"

"ಈ ಹೊತ್ತಿಗೆ ಅದು ರಬ್ಬರು. ಅವ್ರಿಗೆ ಹಲ್ಲೆಲ್ಲಿದೆ?"

"ಬಾಯಲ್ಲಿಟ್ಕೊಂಡು ಕೂರ್ತಾರೆ. ಅಷ್ಟಾದ್ರೂ..."

ಫುಸಾಯೆ ನಗಲಿಲ್ಲ. ಕುಕ್ಕರಗಾಲಲ್ಲಿ ಕುಳಿತು ಒಂದು ಉಂಡೆಯನ್ನು ಬೆಳಕಿಗೆ ಹಿಡಿದಳು. ಒಂದೊಂದು ಮೊಟ್ಟೆಯೊಳಗೂ ಎರಡೆರಡು ಕಪ್ಪು ಚುಕ್ಕಿ.

"ಕಣ್ಣು ಅಕ್ಕಾ. ಸತ್ತಿಲ್ಲ ಇವು. ಒದ್ದೆ ಆರೋದ್ರೊಳಗೆ ಬಲೆಬುಟ್ಟಿಗೆ ಹಾಕಿ ಬಂದರಿನ ನೀರಲ್ಲಿ ಇಳಿಬಿಟ್ರೆ ಮರಿಯಾಗುತ್ತೆ. ಒಂದುಂಡೆಯಲ್ಲೇ ಸಾವಿರ ಇರ್ತವೆ."

"ಒಂದುಂಡೆಗೆ ಕಡಲು ಬರಿದಾಗುತ್ತಾ?"

"ಮನೆಗೊಂದುಂಡೆ ಅಂದ್ರೆ ದಡದಲ್ಲಿ ಏನುಳೀತು? ಮೊದಲು ಡಿಸೆಂಬರಿಗೇ ನೀರು ತಣ್ಣಗಾಗ್ತಿತ್ತು, ಮೀನು ದಡ ತುಂಬ್ತಿತ್ತು. ಈಗ ಕಡಲಿನ ಬಿಸಿ ಇಳೀತಾನೇ ಇಲ್ಲ. ಬರೋದೇ ತಡ, ಬರೋದೇ ಕಮ್ಮಿ. ಆ ಕಮ್ಮಿಯ ಮೊಟ್ಟೆನೂ ನಾವೇ ತಿಂದ್ರೆ?"

ಇಸೆ ಬಕೆಟ್ಟನ್ನು ಎದೆಗವಚಿಕೊಂಡಳು. "ಹಾಗಾದ್ರೆ ಅವ್ರಿಗೆ ನೀನೇ ಬಂದು ಹೇಳು. ನನ್ನಿಂದಾಗಲ್ಲ."

ಇಬ್ಬರೂ ಮನೆಗೆ ಬಂದಾಗ ತೊರಾಜಿ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ಕನ್ನಡಕ ಕೇಳಿದ. ಬಹಳ ಹೊತ್ತು ನೋಡಿದ.

"ಕಣ್ಣು ಬಂದಿದೆಯಲ್ಲೇ. ಇದನ್ನ ಯಾಕೆ ತಂದೆ?"

"ನೀವೇ ಕೇಳಿದ್ರಲ್ಲ!"

"ನಾನು ಕೇಳ್ತೀನಿ. ನಿನಗೆ ಬುದ್ಧಿ ಬೇಡ್ವಾ?" ಎಂದವನು ಫುಸಾಯೆಯತ್ತ ತಿರುಗಿದ. "ಹಿಂದೊಮ್ಮೆ ಮೀನು ಮುಗಿದೇ ಹೋಗ್ತಿತ್ತು ಅಂತ ಮೂರು ವರ್ಷ ಒಂದನ್ನೂ ಹಿಡೀಲಿಲ್ಲ ನಾವು. ಕೈ ಎತ್ತಿ ಒಪ್ಪಿದವರಲ್ಲಿ ನಾನೂ ಒಬ್ಬ. ಮೂರು ಚಳಿಗಾಲ ರಸ್ತೆ ಕೆಲಸಕ್ಕೆ ಹೋಗಿ ಕಲ್ಲು ಹೊತ್ತೆ. ಇವಳು ದಿನಾ ಬೈದಳು. ಆಮೇಲೆ ಮೀನು ಬಂತು. ಈಗ ಇದನ್ನ ತಿಂದು ಸತ್ರೆ ಆ ಮೂರು ವರ್ಷವೂ ಮಣ್ಣುಪಾಲು. ಒಣಗೋದ್ರೊಳಗೆ ನೀರಿಗೆ ಬಿಡ್ರೇ. ನನಗೆ ಸ್ವಲ್ಪ ಗಂಜಿ ಕೊಡು, ಎರಡು ಹನಿ ಮೀನಿನ ರಸ ಹಾಕು."

ಇಸೆ ಕಣ್ಣೊರೆಸಿಕೊಂಡು, ಬಕೆಟ್ಟಿಗೆ ಒದ್ದೆ ಬಟ್ಟೆ ಹೊದಿಸಿ ಒಲೆ ಹಚ್ಚಿದಳು. ಗಂಜಿ ಕುಡಿಸಿ, ತಾನೇ ಬಂದರಿಗೆ ನಡೆದು, ಮರಗಟ್ಟಿದ ಬೆರಳುಗಳಿಂದ ಒಂದೊಂದೇ ಉಂಡೆಯನ್ನು ಬುಟ್ಟಿಗೆ ಹಾಕಿದಳು. ಬಳಿಕ ಫುಸಾಯೆಯನ್ನು ಮೆಲ್ಲಗೆ ಕೇಳಿದಳು: "ಸಂಘದಲ್ಲಿ ಹೇಳ್ತೀಯೇನೇ?"

ದಡದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮರಳ ಮೇಲೆ ಬುರಿಕೊ ಕಂಡರೆ ಮನೆಗೆ ಒಯ್ಯಬೇಡಿ. ಸಂಘದವರನ್ನು ಕರೆಯಿರಿ. ಕಡಲು ಬಿಸಿಯಾಗುವುದನ್ನು ನಾವೊಬ್ಬರೇ ನಿಲ್ಲಿಸಲಾರೆವು. ಉಳಿದಿರುವ ಮೊಟ್ಟೆಯನ್ನು ಉಳಿಸಬಲ್ಲೆವು. ಆಸೆಗೋ ಕರುಳಿನ ಸಂಕಟಕ್ಕೋ ಈಗಾಗಲೇ ತಂದಿದ್ದರೆ ನಾಚಿಕೆ ಬೇಡ, ಒದ್ದೆಯಿರುವಾಗಲೇ ತಂದುಕೊಡಿ.

ಫುಸಾಯೆ ಬುಟ್ಟಿಯ ಹಗ್ಗ ಬಿಗಿದಳು. ಈ ಬಕೆಟ್ಟು ಯಾರ ಮನೆಯದೆಂದು ಯಾರಿಗೂ ಹೇಳುವುದಿಲ್ಲವೆಂದು ಅವಳು ಆಗಲೇ ನಿಶ್ಚಯಿಸಿಯಾಗಿತ್ತು.