ಊರೇ ನಡುಗುವ ಠಾಣೆ

"ನಿಮ್ಮನ್ನ ಕಂಡ್ರೆ ಊರಿಗೆ ಊರೇ ನಡುಗುತ್ತಂತೆ," ಎಂದು ಮೇಡಂ ಹೇಳಿದಾಗ, ಬೆನ್ನ ಹಿಂದೆ ಇನ್ಯಾರಾದರೂ ಬಂದು ನಿಂತಿದ್ದಾರೇನೋ ಎಂದು ಠಾಣಾಧಿಕಾರಿ ತಿರುಗಿ ನೋಡಿದರು. ಹಿಂದೆ ಗೋಡೆ ಇತ್ತು. ಗೋಡೆಯ ಮೇಲೆ ಸಾಲಾಗಿ ಹೊಡೆದ ಮೊಳೆಗಳಲ್ಲಿ ಬೀಗದಕೈಗಳು ತೂಗುತ್ತಿದ್ದವು.

ಮೇಡಂ ಬಂದಿದ್ದು ವಲಯ ಕಚೇರಿಯಿಂದ. ವಲಯದ ಪೊಲೀಸರು ಹೇಗೆ ಕೆಲಸ ಮಾಡುತ್ತಿದ್ದಾರೆಂದು ಅಳೆದು ತೂಗಿ ಪ್ರತಿ ಠಾಣೆಗೂ ಅಂಕ ಕೊಡುವುದು ಅವರ ಕೆಲಸ. ಮೊದಲು ಊರಿನವರಿಗೆ ಫೋನ್ ಮಾಡಿ ಕೇಳುತ್ತಾರೆ, ಆಮೇಲೆ ಒಬ್ಬರು ಬಂದು ಕಣ್ಣಾರೆ ನೋಡುತ್ತಾರೆ. ಅಂಕ ತೀರಾ ಕಡಿಮೆಯಾದ ಠಾಣೆಗೆ ಬಾಗಿಲು ಹಾಕಿ, ಸಿಬ್ಬಂದಿಯನ್ನು ದಿಕ್ಕಿಗೊಬ್ಬರಂತೆ ಕಳಿಸಿಬಿಡಬೇಕೆಂದು ಮೇಲಿನಿಂದ ಆದೇಶವಾಗಿತ್ತು. ಠಾಣಾಧಿಕಾರಿಯ ನಿದ್ದೆ ಕೆಡಿಸಿದ್ದು ಇದೇ. ಹೆಂಡತಿ ಇದೇ ಊರಿನ ಶಾಲೆಯಲ್ಲಿ ಟೀಚರು, ಜೊತೆಗಿದ್ದ ಅತ್ತೆಗೆ ಈ ಓಣಿಯೇ ತವರಿದ್ದಂತೆ. ಠಾಣಾಧಿಕಾರಿಗಾದರೂ ಅಷ್ಟೆ, ಈ ಕುರ್ಚಿ ಬಿಟ್ಟು ಬೇರೆ ಯಾವ ಊರಿನ ಕುರ್ಚಿಯಲ್ಲಿ ಕೂತರೂ ಜೀವಕ್ಕೆ ಸಮಾಧಾನವಿರಲಿಲ್ಲ.

"ಪೊಲೀಸರನ್ನ ಕಂಡ್ರೆ ಭಯ ಆಗುತ್ತಾ ಅಂತ ಕೇಳಿದ್ವಿ. ಬೇರೆ ಕಡೆ ಒಬ್ರೋ ಇಬ್ರೋ ಹೌದು ಅಂತಾರೆ. ಇಲ್ಲಿ ಎಲ್ರೂ ಹೌದು ಅಂದಿದಾರೆ," ಎಂದರು ಮೇಡಂ. "ಒಬ್ಬ ಅಜ್ಜಿ ಅಂತೂ, ಅವರು ಬೀದೀಲಿ ಬರ್ತಿದ್ರೆ ನಾನು ಮಂಚದ ಕೆಳಗೆ ಸೇರ್ಕೋತೀನಿ ಅಂದ್ರು. ಏನ್ ಮಾಡಿದ್ರಿ ಅವರಿಗೆ?"

ಈಚೆಗೆ ಠಾಣಾಧಿಕಾರಿ ಯಾರನ್ನಾದರೂ ಗದರಿದ್ದರೆ ಅದು ಕಿರುಗುಟ್ಟುವ ಫ್ಯಾನನ್ನು ಮಾತ್ರ.

"ಬನ್ನಿ ಮೇಡಂ, ಬೀದೀಲಿ ಒಂದು ಸುತ್ತು ಹೋಗಿ ಬರೋಣ. ಜನರನ್ನ ನೀವೇ ಮುಖಾಮುಖಿ ಕೇಳಿ."

ಹೊರಗೆ ಕಾಲಿಟ್ಟಿದ್ದೇ ತಪ್ಪಾಯಿತು. ಕ್ಷೌರದ ಅಂಗಡಿಯವನು ಕತ್ತಿ ಹಿಡಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿ ನೆಟ್ಟಗೆ ನಿಂತ. ಅವನ ಗಿರಾಕಿಯೂ ಅರ್ಧ ಗಲ್ಲದ ನೊರೆಯೊಂದಿಗೆ ಎದ್ದು ತಲೆ ತಗ್ಗಿಸಿದ. ದಿನಾ "ಏನ್ ಸಾಹೇಬ್ರೇ, ನಿಮಗಿಂತ ಮುಂಚೆ ನಿಮ್ಮ ಹೊಟ್ಟೆ ಬರುತ್ತಲ್ಲ" ಎಂದು ಕಿಚಾಯಿಸುತ್ತಿದ್ದ ಹಣ್ಣಿನವನು ಇವತ್ತು ಬುಟ್ಟಿಗಳ ಮರೆಗೆ ಸರಿದಿದ್ದ.

"ಇವರು ನಿಮಗೆ ಏನಾದ್ರೂ ತೊಂದ್ರೆ ಕೊಡ್ತಾರಾ?" ಎಂದು ಮೇಡಂ ಬಗ್ಗಿ ಅವನನ್ನು ಕೇಳಿದರು.

"ಛೆ ಛೆ, ತೊಂದ್ರೆ ಏನಿಲ್ಲ. ಬರೀ ಹೆದರಿಸ್ತಾರೆ. ತುಂಬಾ ಚೆನ್ನಾಗಿ ಹೆದರಿಸ್ತಾರೆ ಮೇಡಂ."

ಇವರಿಗೆಲ್ಲ ಏನು ಬಡಿದಿದೆ ಎಂದು ಠಾಣಾಧಿಕಾರಿಗೆ ತಿಳಿಯಲಿಲ್ಲ. ಕಾಲೆಳೆದುಕೊಂಡು ಠಾಣೆಗೆ ಮರಳಿದರೆ, ಅತ್ತೆ ಊಟದ ಡಬ್ಬಿ ಹಿಡಿದು ಅವರ ಕುರ್ಚಿಯಲ್ಲೇ ಕೂತಿದ್ದರು.

"ಏನು ಅಳಿಯಂದ್ರೇ, ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಮುಖ ನೋಡಿ, ಬಾಡಿದ ಬದನೆಕಾಯಿ ಆಗಿದೆ," ಎಂದು ಶುರುಮಾಡಿದವರು ಹಿಂದೆ ಮೇಡಂ ಬಂದದ್ದು ಕಂಡಿದ್ದೇ ದಡಕ್ಕನೆ ಎದ್ದು, ಗೋಡೆಗೆ ಒತ್ತಿಕೊಂಡು, ಗಡಗಡ ನಡುಗತೊಡಗಿದರು.

ಫೋನಲ್ಲಿ ಕೇಳಿದ್ದ ಆ ದನಿಯನ್ನು ಮೇಡಂ ಮರೆತಿರಲಿಲ್ಲ. "ಮಂಚದ ಕೆಳಗೆ ಸೇರ್ಕೊಳ್ಳೋರು ನೀವೇನಾ?"

"ನಾನೇ," ಎಂದರು ಅತ್ತೆ ನಡುಕ ನಿಲ್ಲಿಸಿ, ಒಂದಿಷ್ಟು ಹೆಮ್ಮೆಯಿಂದಲೇ. "ಓಣಿಗೆಲ್ಲ ಹೇಳ್ಕೊಟ್ಟಿದ್ದೂ ನಾನೇ. ಜನ ಹೆದರದೆ ಇದ್ರೆ ಅವನೆಂಥ ಪೊಲೀಸು ಅಂತ ನೀವು ಅಂಕ ಕಳೀತೀರಲ್ವಾ? ನಮ್ಮ ಅಳಿಯಂದ್ರು ಒಂದು ಇರುವೆ ತುಳಿಯೋಕೂ ಹಿಂದೆ ಮುಂದೆ ನೋಡೋರು. ನಿಜ ಹೇಳಿದ್ರೆ ಇವರ ಗತಿ ಏನು?"

ಠಾಣಾಧಿಕಾರಿ ತಲೆಯ ಮೇಲೆ ಕೈಯಿಟ್ಟುಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು. ಮೇಡಂಗೆ ನಗು ತಡೆಯುವುದೇ ಕಷ್ಟವಾಗಿತ್ತು. ಆದರೂ ಹೇಳಬೇಕಾದ್ದನ್ನು ಹೇಳಿದರು. "ಹೆದರಿಕೆಗೇ ನಾವು ಅಂಕ ಕಳೆಯೋದು ಅಮ್ಮಾ. ಫೋನಲ್ಲಿ ಹೇಳಿದ್ದನ್ನ ನಾನು ಅಳಿಸೋ ಹಾಗಿಲ್ಲ. ಈಗ ಎಲ್ರೂ ಮಾತು ತಿರುಗಿಸಿದ್ರೆ, ಇವರೇ ಬೆದರಿಸಿ ಹೇಳಿಸಿದ್ರು ಅಂತಾರೆ. ಕಣ್ಣಲ್ಲಿ ಕಂಡಿದ್ದನ್ನ ಮಾತ್ರ ನಾನು ಬರೀಬಹುದು."

ಅತ್ತೆಯ ಮುಖ ಸಣ್ಣದಾಯಿತು. ಕೈಯಾರೆ ಅಳಿಯನ ಬುಡಕ್ಕೇ ಕೊಡಲಿ ಹಾಕಿದೆನಲ್ಲ ಎಂದು ಅವರಿಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಎದುರು ಮನೆಯ ಟೈಲರಮ್ಮ ನಡುಗುತ್ತ ಒಳಗೆ ಬಂದಳು. ಹೆಗಲಲ್ಲಿ ಚೀಲ, ಬಸ್ಸಿಗೆ ಹೊರಟ ಅವಸರ. ಬೇಡ, ಬೇಡ ಎಂದು ಅತ್ತೆ ಕಣ್ಣಲ್ಲೇ ಸನ್ನೆ ಮಾಡಿದರು. ನಟನೆ ಸಾಲದು ಎನ್ನುತ್ತಿದ್ದಾರೆಂದುಕೊಂಡ ಟೈಲರಮ್ಮ ಹಲ್ಲು ಕಟಕಟಿಸಿ ಮತ್ತಷ್ಟು ನಡುಗಿದಳು. ನಡುಗುತ್ತಲೇ ಗೋಡೆಯ ಬಳಿ ಹೋಗಿ, ತನ್ನ ಮನೆಯ ಬೀಗದಕೈಯನ್ನು ತನ್ನ ಮೊಳೆಗೆ ಸಿಕ್ಕಿಸಿದಳು.

"ಬೆಕ್ಕಿಗೆ ಹಾಲು ಇಡೋದು ಮರೀಬೇಡಿ ಸಾಹೇಬ್ರೇ. ಹೋದ ಸಲ ಮರ್ತಿದ್ರಿ, ಪಾಪ, ಮಾತೇ ಬಿಟ್ಟಿತ್ತು ಅದು."

"ಇವೆಲ್ಲ ಜಪ್ತಿ ಮಾಡಿರೋ ಬೀಗದಕೈ ಅಂದ್ಕೊಂಡಿದ್ದೆ," ಎಂದರು ಮೇಡಂ.

"ಜಪ್ತಿ ಯಾಕೆ ಮೇಡಂ? ಪರವೂರಿಗೆ ಹೋಗೋರೆಲ್ಲ ಇಲ್ಲೇ ಇಟ್ಟು ಹೋಗೋದು. ಗಿಡಕ್ಕೆ ನೀರು, ಸಂಜೆ ದೀಪ, ಎಲ್ಲ ಇವರೇ." ಟೈಲರಮ್ಮ ತಟ್ಟನೆ ನಾಲಿಗೆ ಕಚ್ಚಿಕೊಂಡಳು. "ಆದ್ರೂ ಹೆದರಿಕೆ ಇದೆ," ಎಂದು ಸೇರಿಸಿ ಬಸ್ಸಿಗೆ ಓಡಿದಳು.

ಮೇಡಂ ಗೋಡೆಯುದ್ದಕ್ಕೂ ನಿಧಾನವಾಗಿ ನಡೆದರು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಳೆಯ ಗುಂಡಿ, ಇನ್ನೊಂದಕ್ಕೆ ಮಗುವಿನ ಗಿಲಕಿ. ಒಂದೊಂದನ್ನೂ ಮುಟ್ಟಿ ನೋಡಿದರು.

ಕೊನೆಗೆ ಅತ್ತೆಯೇ ಕಣ್ಣೊರೆಸಿಕೊಂಡು ಅಂದರು: "ಠಾಣೆ ಮುಚ್ಚಿಸೋದಾದ್ರೂ ಹೊಟ್ಟೆ ತುಂಬಿಸ್ಕೊಂಡು ಮುಚ್ಚಿಸಿ. ಮನೆ ಇಲ್ಲೇ ಪಕ್ಕದಲ್ಲಿ, ಬನ್ನಿ."

ಮೇಡಂ ಒಪ್ಪಿದರು. ಬಾಗಿಲ ತನಕ ಹೋದವರಿಗೆ, ತಮ್ಮ ಕಾರು ಕ್ಷೌರದ ಅಂಗಡಿಗೆ ಅಡ್ಡ ನಿಂತಿರುವುದು ಕಂಡಿತು. ಒಳಗೆ ಮರಳಿ, ಖಾಲಿಯಿದ್ದ ಮೊಳೆಯೊಂದನ್ನು ಹುಡುಕಿ ಕಾರಿನ ಕೀಲಿಯನ್ನು ಅದಕ್ಕೆ ಹಾಕಿದರು.

"ಅಡ್ಡ ಆದ್ರೆ ತೆಗೆದು ಆ ಕಡೆ ನಿಲ್ಲಿಸಿ," ಎಂದು ಠಾಣಾಧಿಕಾರಿಗೆ ಹೇಳಿ, ಅತ್ತೆಯ ಹಿಂದೆ ಹೊರಟರು.

ಟೈಲರಮ್ಮನ ಬೀಗದಕೈಯ ಪಕ್ಕದಲ್ಲಿ ಆ ಕೀಲಿ ಸ್ವಲ್ಪ ಹೊತ್ತು ಓಲಾಡಿ ಸುಮ್ಮನಾಯಿತು. ಠಾಣಾಧಿಕಾರಿ ಅದನ್ನೇ ನೋಡುತ್ತ ನಿಂತಿದ್ದು, ಆಮೇಲೆ ಬೆಕ್ಕಿನ ಹಾಲು ತರಲು ಹೊರಟರು.